ಸಿಪ್ಪೆ ಚೀಲ ಮತ್ತು ನಮ್ಮನೆ ಮೊಲಗಳು

ನಮ್ಮನೆಯವರು ಹಾಸನದಲ್ಲಿ ಕೆಲಸ ಮುಗಿಸಿ ಸಂಜೆ ಏಳೂಕಾಲು ಬಸ್ಸಿಗೆ ಬಂದು ಗೇಟಲ್ಲಿ ಇಳಿಯುವಾಗ ಕೈಯಲ್ಲಿ ಎರಡು ಬೂಸಾ ಚೀಲ ಇರುತ್ತೆ. ಒಂದ್ರಲ್ಲಿ ಬಸ್ ಸ್ಟ್ಯಾಂಡ್ ಹತ್ರದ ಜ್ಯೂಸ್ ಅಂಗಡಿಯ ಮೋಸಂಬಿ, ಅನಾನಸ್ ಸಿಪ್ಪೆ, ಇನ್ನೊಂದ್ರಲ್ಲಿ ಕಟ್ಟಿನಕೆರೆ ಮಾರ್ಕೆಟ್ ಕಡೆಯಿಂದ ತಂದ ಬಾಳೆಹಣ್ಣಿನ ಸಿಪ್ಪೆ, ಕರ್ರಗಾಗಿ ಮಾರಾಟ ಆಗದೆ ಉಳಿದ ಬಾಳೆಹಣ್ಣು. ದುಡ್ಡು ಯಾರೂ ತಗೊಳಲ್ಲ, ಅವರಿಗೂ ಅದನ್ನ ಎಲ್ಲಿ ಸುರಿಯೋದು ಅನ್ನೋದೇ ದೊಡ್ಡ ತಲೆನೋವು. ನಾವು ಖಾಲಿ ಚೀಲ ವಾಪಸ್ ಕೊಡ್ತೀವಿ, ಅಪರೂಪಕ್ಕೆ ಒಂದು ಸೌತೆಕಾಯಿನೋ ಒಂದು ಹಿಡಿ ಹಸಿಮೆಣಸಿನಕಾಯೋ ತೋಟದಿಂದ ಕಳಿಸ್ತೀನಿ, ಅಷ್ಟೇ ಲೆಕ್ಕ.

ಆಲೂರು ಕಡೆ ನಮ್ಮದು ಚಿಕ್ಕ ತೋಟ, ಅದರ ಪಕ್ಕದಲ್ಲೇ ಮೊಲದ ಶೆಡ್. ಹದಿನಾರು ಹೆಣ್ಣು, ನಾಲ್ಕು ಗಂಡು, ಜೊತೆಗೆ ಯಾವಾಗ ನೋಡಿದ್ರೂ ಬೆಳೀತಾ ಇರೋ ಮರಿ ಒಂದು ನಲವತ್ತು. ಹೆಚ್ಚಿನವು ನ್ಯೂಜಿಲೆಂಡ್ ವೈಟ್, ಸ್ವಲ್ಪ ಸೋವಿಯತ್ ಚಿಂಚಿಲ್ಲಾ. ಕಾಡುಮೊಲ ಹಿಡಿಯೋದು ಕಾನೂನು ಪ್ರಕಾರ ಅಪರಾಧ, ಇದು ಅದಲ್ಲ, ಸಾಕೋಕೆ ಅಂತಲೇ ಬೆಳೆಸಿರೋ ತಳಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಊರಲ್ಲಿ ಇನ್ನೂ ಕೆಲವರು ಶೆಡ್ ನೋಡಿದ ತಕ್ಷಣ "ಫಾರೆಸ್ಟ್‌ನವರು ಬರಲ್ವಾ?" ಅಂತ ಕೇಳ್ತಾರೆ.

ಹಣ್ಣಿನ ಸಿಪ್ಪೆ ಹಾಕಿ ಮೊಲ ಸಾಕ್ತಾರಂತೆ ಅನ್ನೋ ಮಾತು ಹಬ್ಬಿ ಈಗ ತಿಂಗಳಿಗೆ ಇಬ್ಬರು ಮೂವರಾದ್ರೂ ಕೇಳ್ಕೊಂಡು ಬರ್ತಾರೆ, ಬಂದವರೆಲ್ಲ ಫೀಡ್ ಖರ್ಚೇ ಇಲ್ವಂತೆ ಅಂದ್ಕೊಂಡೇ ಬಂದಿರ್ತಾರೆ. ಅದು ಸುಳ್ಳು. ಆ ಸುಳ್ಳನ್ನ ನಂಬಿ ನಾನೇ ಒಂದು ಸಲ ಮರಿಗಳನ್ನ ಕಳ್ಕೊಂಡಿದೀನಿ, ಅದಕ್ಕೇ ಇವತ್ತು ಕೂತು ಎಲ್ಲಾನೂ ಬರೀತಿದೀನಿ.

ಮೊದಲ ವರ್ಷ ಪೂರ್ತಿ ಪೆಲೆಟ್, ಅಂದ್ರೆ ಅಂಗಡಿಯಲ್ಲಿ ಸಿಗೋ ಗುಳಿಗೆ ಥರದ ಮೇವು ಹಾಕಿದ್ವಿ. ದೊಡ್ಡ ಮೊಲಕ್ಕೆ ದಿನಕ್ಕೆ 120 ಗ್ರಾಂ, ಮರಿಗೆ 80 ಗ್ರಾಂ ಅಂತ ಇಟ್ರೂ ದಿನಕ್ಕೆ ಐದೂವರೆ ಕೆಜಿ ಆಗೋದು, ಆಗ ನಮಗೆ ಕೆಜಿಗೆ 35 ರೂಪಾಯಿ ಬೀಳ್ತಿತ್ತು, ತಿಂಗಳಿಗೆ ಹತ್ತಿರ ಹತ್ತಿರ 5,800 ರೂಪಾಯಿ ಬರೀ ಮೇವಿಗೆ. ಮರಿ ಮಾರಿದ ದುಡ್ಡು ಫೀಡ್ ಅಂಗಡಿಗೇ ವಾಪಸ್ ಹೋಗ್ತಿತ್ತು. ಅಂಥ ಹೊತ್ತಲ್ಲೇ ಜ್ಯೂಸ್ ಅಂಗಡಿ ಮುಂದೆ ಡ್ರಮ್ ತುಂಬಾ ಮೋಸಂಬಿ ಸಿಪ್ಪೆ ನೋಡಿ ನಮ್ಮನೆಯವರು ಒಂದು ಚೀಲ ತಂದ್ರು. ಮೊಲಗಳು ಮೂಸಿದ್ವು, ಒಂದೆರಡು ಕಚ್ಚಿದ್ವು, ಮಾರನೇ ದಿನ ಹಾಕಿದ್ರೆ ಖಾಲಿ. ನಮಗೆ ನಿಧಿ ಸಿಕ್ಕಿದಂಗಾಯ್ತು.

ಆಮೇಲೆ ಏಪ್ರಿಲ್ ಬಂತು. ಶೆಡ್ ಒಳಗೆ ಸೆಕೆ, ಮೊಲಕ್ಕೆ ಮೈಯಲ್ಲಿ ಬೆವರೋಕೆ ಬರಲ್ಲ, ಕಿವಿಯಿಂದಲೇ ಶಾಖ ಬಿಡಬೇಕು, 30 ಡಿಗ್ರಿ ದಾಟಿದ್ರೆ ಉಬ್ಬಸ ಪಡ್ತಾ ಮೇವು ಬಿಡ್ತಾವೆ. ಅವುಗಳ ಅವಸ್ಥೆ ನೋಡೋಕಾಗದೆ ತಂಪಾಗಿರುತ್ತಲ್ಲ ಅಂತ ಕಲ್ಲಂಗಡಿ ಸಿಪ್ಪೆ, ಅದರ ಜೊತೆ ಮೆತ್ತಗಾದ ಬಾಳೆಹಣ್ಣು, ಆಗಷ್ಟೇ ತಾಯಿಯಿಂದ ಬಿಡಿಸಿದ್ದ ಹದಿನಾಲ್ಕು ಮರಿಗೆ ಬೇಸಿನ್ ತುಂಬಾ ಇಟ್ಟೆ. ಹುಲ್ಲು ಹಾಕಿದ್ದೆ, ಆದ್ರೆ ಸಿಹಿ ಸಿಕ್ಕಿದ ಮೇಲೆ ಹುಲ್ಲು ಯಾರು ಮುಟ್ತಾರೆ. ಎರಡು ದಿನ ಕುಣ್ಕೊಂಡು ತಿಂದ್ವು. ಮೂರನೇ ದಿನ ಬೆಳಗ್ಗೆ ನೋಡಿದ್ರೆ ನಾಲ್ಕು ಮರಿ ಬೆನ್ನು ಗೂನು ಮಾಡ್ಕೊಂಡು ಮೂಲೆಯಲ್ಲಿ ಕೂತಿದಾವೆ, ಹಲ್ಲು ಕಟಕಟ ಕಡೀತಿದಾವೆ, ಕಿವಿ ಮುಟ್ಟಿದ್ರೆ ತಣ್ಣಗೆ. ಎತ್ತಿದ್ರೆ ಹೊಟ್ಟೆ ಒಳಗೆ ನೀರು ತುಂಬಿದ ಬಲೂನ್ ಥರ ಗುಳುಗುಳು ಶಬ್ದ. ಗೂಡಿನ ಕೆಳಗೆ ಹಿಕ್ಕೆ ಇಲ್ಲ, ಅದರ ಬದಲು ಅಂಟಂಟಾಗಿ ಲೋಳೆ. ಮೂರು ದಿನದಲ್ಲಿ ಒಂಬತ್ತು ಮರಿ ಹೋದ್ವು. ಮಗಳು ಒಂದೊಂದಕ್ಕೂ ಹೆಸರಿಟ್ಟಿದ್ಲು, ಅವಳ ಮುಖ ನೋಡೋಕೆ ಆಗ್ಲಿಲ್ಲ ನಂಗೆ.

ಪಶು ಡಾಕ್ಟ್ರು ಬಂದು ಸತ್ತ ಒಂದು ಮರಿ ಹೊಟ್ಟೆ ಕೊಯ್ದು ತೋರಿಸಿದ್ರು. ಸಣ್ಣ ಕರುಳು ದೊಡ್ಡ ಕರುಳು ಸೇರೋ ಜಾಗದಲ್ಲಿ ಸೀಕಮ್ ಅಂತ ಒಂದು ಚೀಲ ಇರುತ್ತೆ, ಮೊಲದ ಹೊಟ್ಟೆಯಲ್ಲಿ ಎಲ್ಲಕ್ಕಿಂತ ದೊಡ್ಡ ಭಾಗ ಅದೇ. ಅದು ಗ್ಯಾಸ್ ತುಂಬಿ ಉಬ್ಬಿತ್ತು, ಒಳಗೆ ಬರೀ ನೀರು. ಆ ಚೀಲದಲ್ಲಿ ಒಳ್ಳೆ ಸೂಕ್ಷ್ಮಜೀವಿಗಳು ಇದ್ದು ನಾರನ್ನ ಕೊಳೆಸಿ ಕೊಡ್ತಾವಂತೆ, ಅಲ್ಲಿಗೆ ಸಕ್ಕರೆ, ಹಿಟ್ಟಿನ ಅಂಶ ಜಾಸ್ತಿ ಇಳಿದು ನಾರು ಕಮ್ಮಿ ಆದ್ರೆ ಕರುಳಿನ ಓಡಾಟ ನಿಧಾನ ಆಗಿ ಕ್ಲಾಸ್ಟ್ರಿಡಿಯಮ್ ಥರದ ಕೆಟ್ಟ ಬ್ಯಾಕ್ಟೀರಿಯಾ ಏಕಾಏಕಿ ಹೆಚ್ಚಾಗಿ ವಿಷ ಬಿಡ್ತಾವೆ. ತಾಯಿ ಹಾಲು ಬಿಟ್ಟ ಹೊಸದರಲ್ಲಿ, ಅಂದ್ರೆ ನಾಲ್ಕರಿಂದ ಎಂಟು ವಾರದ ಒಳಗೆ ಈ ಅಪಾಯ ಎಲ್ಲಕ್ಕಿಂತ ಜಾಸ್ತಿ. ನಾನು ಸರಿಯಾಗಿ ಆ ವಯಸ್ಸಿನ ಮರಿಗಳಿಗೇ ಹಾಕಿದ್ದೆ. ಇನ್ನೊಂದು ಮಾತು, ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ. ಒಳಗೆ ಹೋಗಿದ್ದು ಮುಂದಕ್ಕೇ ಹೋಗಬೇಕು, ಹಿಂದಕ್ಕೆ ದಾರಿ ಇಲ್ಲ.

ನಮ್ಮ ಮಾವ ಜೀವನವಿಡೀ ಹಸು ಸಾಕ್ದವರು, ಅವರು ಅವತ್ತು ಒಂದೇ ಮಾತು ಹೇಳಿದ್ದು, "ಹಸ ಮೆಲುಕು ಹಾಕ್ತದೆ, ಇದು ಹಾಕಲ್ಲ ಕಣವ್ವ, ಅದರ ಮೇವು ಇದಕ್ಕೆ ಯಾಕೆ ಸುರಿದೆ." ನಿಜ ಹೇಳ್ಬೇಕಂದ್ರೆ ಮೊಲಕ್ಕೂ ತನ್ನದೇ ಒಂದು ಮೆಲುಕು ಇದೆ. ಹಗಲು ಬೀಳೋದು ಗಟ್ಟಿ ಹಿಕ್ಕೆ, ರಾತ್ರಿ ಕೊನೆಗೆ ಬೆಳಗಿನ ಜಾವ ಬರೋದು ಮೆತ್ತಗಿನ, ಮಿನುಗೋ, ದ್ರಾಕ್ಷಿ ಗೊಂಚಲಿನ ಥರದ ಇನ್ನೊಂದು ಹಿಕ್ಕೆ, ಅದನ್ನ ಅದು ನೇರ ಬಾಯಿ ಹಾಕಿ ತಿಂದುಬಿಡುತ್ತೆ, ಅದರಲ್ಲಿ ಪ್ರೊಟೀನು, ಬಿ ವಿಟಮಿನ್ ಇರುತ್ತೆ. ಆರೋಗ್ಯವಾಗಿರೋ ಮೊಲದ ಗೂಡಿನ ಕೆಳಗೆ ಆ ಮೆತ್ತಗಿನ ಹಿಕ್ಕೆ ಕಾಣೋದೇ ಇಲ್ಲ. ಕಂಡ್ರೆ ಸಿಹಿ ಜಾಸ್ತಿ ಆಗಿದೆ ಅಂತ ಲೆಕ್ಕ. ಈಗ ಬೆಳಗ್ಗೆ ಎದ್ದು ಹಾಲು ಕಾಯಿಸೋ ಮುಂಚೆ ನಾನು ಮಾಡೋ ಮೊದಲ ಕೆಲಸ ಟಾರ್ಚ್ ಹಿಡ್ಕೊಂಡು ಗೂಡಿನ ಕೆಳಗೆ ಬಗ್ಗಿ ನೋಡೋದು. ಉರುಟಾಗಿ, ಒಣಗಿ, ಬೆರಳಲ್ಲಿ ಹಿಸುಕಿದ್ರೆ ಹುಲ್ಲಿನ ಪುಡಿ ಆಗ್ಬೇಕು, ಹಂಗಿದ್ರೆ ಅವತ್ತು ಸಿಪ್ಪೆ ಉಂಟು. ಸಣ್ಣದಾಗಿದ್ರೆ, ಒಂದಕ್ಕೊಂದು ಅಂಟಿದ್ರೆ, ಆ ಗೂಡಿಗೆ ಎರಡು ದಿನ ಬರೀ ಒಣಹುಲ್ಲು, ನೀರು.

ಈಗ ಮುಖ್ಯ ವಿಷಯ. ಹಣ್ಣಿನ ಸಿಪ್ಪೆ ಯಾವುದರ ಜಾಗಕ್ಕೆ ಬರುತ್ತೆ ಅನ್ನೋದು ಅರ್ಥ ಆಗ್ಬೇಕು. ಹುಲ್ಲಿನ ಜಾಗಕ್ಕಲ್ಲ, ಹಿಂಡಿ ಜಾಗಕ್ಕಲ್ಲ, ಮುಸುಕಿನ ಜೋಳದ ಜಾಗಕ್ಕೆ. ಸಿಪ್ಪೆಯಲ್ಲಿ ಇರೋದು ಶಕ್ತಿ, ಪ್ರೊಟೀನ್ ತೀರಾ ಕಮ್ಮಿ. ಮರಿ ಹಾಕಿ ಹಾಲು ಕೊಡೋ ಹೆಣ್ಣಿಗೆ, ಬೆಳೆಯೋ ಮರಿಗೆ ಮೇವಲ್ಲಿ 16ರಿಂದ 18 ಪರ್ಸೆಂಟ್ ಪ್ರೊಟೀನ್ ಬೇಕು. ಸಿಪ್ಪೆ ಸಿಗ್ತಲ್ಲ ಅಂತ ಹಿಂಡಿ ನಿಲ್ಲಿಸಿದವರ ಶೆಡ್‌ಗೆ ಹೋಗಿ ನೋಡಿದೀನಿ, ತಾಯಿ ಬೆನ್ನುಮೂಳೆ ಕೈಗೆ ಸಿಗುತ್ತೆ, ಮರಿ ಪೆಟ್ಟಿಗೆಯಲ್ಲಿ ಎಂಟು ಹುಟ್ಟಿದ್ರೆ ಮೂರು ಉಳಿದಿರುತ್ತೆ, ಉಳಿದವು ತಿಂಗಳಾದ್ರೂ ಅಂಗೈ ಅಗಲ. ಆಮೇಲೆ ಸಿಪ್ಪೆ ಮೇಲೆ ತಪ್ಪು ಹೊರಿಸ್ತಾರೆ.

ನಾನು ಈಗ ಹತ್ತು ಕೆಜಿ ಮಿಶ್ರಣಕ್ಕೆ ಹಾಕೋದು ಹಿಂಗೆ: ಗೋಧಿ ಬೂಸಾ 3 ಕೆಜಿ, ಕಡಲೆಕಾಯಿ ಹಿಂಡಿ 2 ಕೆಜಿ, ಮುಸುಕಿನ ಜೋಳದ ನುಚ್ಚು 2 ಕೆಜಿ, ಒಣಗಿಸಿ ಪುಡಿ ಮಾಡಿದ ಸಿಪ್ಪೆ ಒಂದೂವರೆ ಕೆಜಿ, ಕಡಲೆ ಹೊಟ್ಟು 1 ಕೆಜಿ 300 ಗ್ರಾಂ, ಮಿನರಲ್ ಮಿಕ್ಸ್ಚರ್ 150 ಗ್ರಾಂ, ಉಪ್ಪು 50 ಗ್ರಾಂ. ಮುಂಚೆ ಜೋಳ ಮೂರೂವರೆ ಕೆಜಿ ಇತ್ತು, ಸಿಪ್ಪೆ ಬಂದಿರೋದು ಆ ಒಂದೂವರೆ ಕೆಜಿ ಜಾಗಕ್ಕೆ. ಒಂದೂವರೆ ದಾಟಿಸಿ ನಾನು ಹಾಕಿಲ್ಲ, ಹಾಕೋ ಆಸೆನೂ ಇಲ್ಲ. ನೈಜೀರಿಯಾ, ಈಜಿಪ್ಟ್ ಕಡೆ ಮಾವಿನ ಸಿಪ್ಪೆ, ಬಾಳೆ ಸಿಪ್ಪೆ, ಕಿತ್ತಳೆ ಸಿಪ್ಪೆ ಎಲ್ಲಾ ಮೊಲಕ್ಕೆ ಹಾಕಿ ತುಂಬಾ ಪರೀಕ್ಷೆ ಮಾಡಿದಾರೆ, ಅವರೂ ಮಾಡಿರೋದು ಹೀಗೇ, ಒಣಗಿಸಿ ಪುಡಿ ಮಾಡಿ ಜೋಳದ ಸ್ವಲ್ಪ ಭಾಗದ ಬದಲಿಗೆ.

ಈ ಮಿಶ್ರಣ ದೊಡ್ಡದಕ್ಕೆ 60 ಗ್ರಾಂ, ಮರಿಗೆ 50 ಗ್ರಾಂ, ಉಳಿದ ಹೊಟ್ಟೆ ತುಂಬೋದು ಸೊಪ್ಪು ಹುಲ್ಲಲ್ಲಿ. ಗಿನಿ ಹುಲ್ಲು, ಬೇಲಿಮೆಂತೆ, ಹಿಪ್ಪುನೇರಳೆ ಸೊಪ್ಪು, ಕಾಫಿ ತೋಟದ ಹಾಲುವಾಣದ ಎಲೆ, ಹಲಸಿನ ಎಲೆ. ಹಲ್ಲು ಸವೆಯೋಕೂ ಅದೇ ಬೇಕು, ಮೊಲದ ಹಲ್ಲು ಸಾಯೋವರೆಗೂ ಬೆಳೀತಾನೇ ಇರುತ್ತೆ, ಮೆತ್ತಗಿನ ಹಣ್ಣು ತಿಂದ್ರೆ ಅದು ಸವೆಯಲ್ಲ.

ಹಸಿ ಸಿಪ್ಪೆ ಅಂತ ಕೊಡೋದಾದ್ರೆ ಮೂರು ತಿಂಗಳು ದಾಟಿದ ಮೊಲಕ್ಕೆ ಮಾತ್ರ, ದಿನಕ್ಕೆ ಒಂದು ಹಿಡಿ, 20-30 ಗ್ರಾಂ, ಸಣ್ಣಗೆ ಹೆಚ್ಚಿ ಬೂಸಾದಲ್ಲಿ ಹೊರಳಿಸಿ. ಅದೂ ಮೊದಲ ದಿನ ಒಂದು ಚೂರು, ನಾಲ್ಕು ದಿನ ಬಿಟ್ಟು ಎರಡು ಚೂರು, ಹಿಂಗೆ ಎರಡು ವಾರ ತಗೊಂಡು ಅಭ್ಯಾಸ ಮಾಡಿಸ್ಬೇಕು. ರಾತ್ರಿ ಇಟ್ಟಿದ್ದು ಬೆಳಗ್ಗೆ ಉಳಿದಿದ್ರೆ ತೆಗೆದು ಗೊಬ್ಬರದ ಗುಂಡಿಗೆ.

ಚೀಲ ಬಂದ ಮೇಲೆ ನಮ್ಮನೆ ಜಗಲಿ ಮೇಲೆ ನಡೆಯೋ ಕೆಲಸ ಹೇಳ್ತೀನಿ, ಏಕಂದ್ರೆ ಎಲ್ಲಾ ಇರೋದು ಇದರಲ್ಲೇ. ಹಳೇ ಸೀರೆ ಹಾಸಿ ಚೀಲ ಸುರಿದು ಲೈಟ್ ಕೆಳಗೆ ಒಂದೊಂದೇ ಆರಿಸ್ತೀವಿ. ಅದರೊಳಗೆ ಸಿಗದೇ ಇರೋ ವಸ್ತುನೇ ಇಲ್ಲ. ಸ್ಟ್ರಾ, ಪ್ಲಾಸ್ಟಿಕ್ ಕಪ್ಪಿನ ಚೂರು, ಹಲ್ಲುಕಡ್ಡಿ, ರಬ್ಬರ್ ಬ್ಯಾಂಡ್, ಸೇಬಿನ ಮೇಲಿನ ಸ್ಟಿಕ್ಕರ್. ಹೆಚ್ಚಿದ ಹಣ್ಣು ಮಾರೋ ಗಾಡಿಯಿಂದ ಬಂದಿದ್ರೆ ಅನಾನಸ್ ಚೂರಿಗೆ ಉಪ್ಪು ಖಾರ ಮೆತ್ಕೊಂಡಿರುತ್ತೆ, ಅದನ್ನ ನಾವು ಮುಟ್ಟೋದೇ ಇಲ್ಲ. ಮೋಸಂಬಿ ಸಿಪ್ಪೆ ಒಂದೊಂದನ್ನೂ ಮಗುಚಿ ಒಳಗಡೆ ನೋಡ್ಬೇಕು, ಹಸಿರು ಬೂದಿ ಥರ ಬೂಸ್ಟು ಹಿಡಿದಿದ್ರೆ ಆ ಭಾಗ ಕತ್ತರಿಸಿ ಉಳಿದದ್ದು ಹಾಕೋಣ ಅನ್ನಂಗಿಲ್ಲ, ಪೂರ್ತಿ ಗುಂಡಿಗೆ. ಹೆಂಡದ ವಾಸನೆ ಬಂದ್ರೂ ಗುಂಡಿಗೆ. ಮೊದಮೊದಲು ನನಗೆ ಹೊಟ್ಟೆ ಉರಿಯೋದು, ಬಸ್ಸಲ್ಲಿ ಹೊತ್ಕೊಂಡು ಬಂದಿದ್ದಲ್ವಾ ಅಂತ. ಈಗ ಒಂದು ಚೀಲದಲ್ಲಿ ಕಾಲು ಭಾಗ ಬಿಸಾಡಿದ್ರೂ ಅನ್ಸಲ್ಲ.

ಆರಿಸಿದ್ದನ್ನ ಎರಡು ಸಲ ತೊಳೀತೀವಿ, ಔಷಧಿ ಹೊಡೆದಿರ್ತಾರೆ, ಮೇಣ ಹಚ್ಚಿರ್ತಾರೆ. ಆಮೇಲೆ ಕಿರುಬೆರಳಿನಷ್ಟು ಅಗಲಕ್ಕೆ ಹೆಚ್ಚಿ ಬೆಳಗ್ಗೆ ಕಾಫಿ ಕಣದಲ್ಲಿ ಟಾರ್ಪಾಲ್ ಮೇಲೆ ತೆಳ್ಳಗೆ ಹರಡ್ತೀವಿ. ಬಾಳೆ ಸಿಪ್ಪೆ ಮೊದಲ ದಿನ ಕಪ್ಪಾಗಿ ಚರ್ಮದ ಥರ ಜೋಲು ಬೀಳುತ್ತೆ, ಮೂರನೇ ದಿನ ಸಂಜೆಗೆ ಕೈಯಲ್ಲಿ ಬಾಚಿದ್ರೆ ಒಣ ಎಲೆ ಥರ ಸದ್ದು ಬರುತ್ತೆ, ಮುರಿದ್ರೆ ಚಟ್ ಅನ್ಬೇಕು, ಬಗ್ಗಿದ್ರೆ ಇನ್ನೊಂದು ದಿನ ಬಿಸಿಲು. ಹತ್ತು ಕೆಜಿ ಹಸಿ ಸಿಪ್ಪೆ ಒಣಗಿದ ಮೇಲೆ ಒಂದೂಕಾಲು ಕೆಜಿ ಸಿಕ್ಕಿದ್ರೆ ಹೆಚ್ಚು, ಉಳಿದಿದ್ದೆಲ್ಲ ನೀರು. ಚಿಪ್ಸ್ ಅಂಗಡಿಯ ಹಸಿ ಬಾಳೆಕಾಯಿ ಸಿಪ್ಪೆ ಪುಕ್ಕಟೆ ಬೇಕಾದಷ್ಟು ಸಿಗುತ್ತೆ, ಆದ್ರೆ ಅದು ಒಗರು, ಟ್ಯಾನಿನ್ ಜಾಸ್ತಿ, ಮೊಲ ಮೂಸಿ ಮುಖ ತಿರುಗಿಸ್ತಾವೆ, ಹಣ್ಣಾದ ಸಿಪ್ಪೆ ಆದ್ರೆ ಒಗರು ಇಳಿದಿರುತ್ತೆ. ಮೋಸಂಬಿ ಸಿಪ್ಪೆ ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೇದು, ಅದರಲ್ಲಿ ಪೆಕ್ಟಿನ್ ಅನ್ನೋ ಮೆತ್ತಗಿನ ನಾರು ಇರುತ್ತೆ, ಹುಲ್ಲಿನ ಗಟ್ಟಿ ನಾರಿಗಿಂತ ಅದು ಮೊಲಕ್ಕೆ ಚೆನ್ನಾಗಿ ಜೀರ್ಣ ಆಗುತ್ತೆ. ಅನಾನಸ್ ಸಿಪ್ಪೆ ಒಣಗೋದು ತಡ, ಆದ್ರೆ ಒಣಗಿದ ಮೇಲೆ ಆ ವಾಸನೆಗೇ ಮೊಲಗಳು ಗೂಡಿನ ಬಾಗಿಲಿಗೆ ಬಂದು ನಿಂತ್ಕೋತಾವೆ.

ಮಳೆಗಾಲದಲ್ಲಿ ಇದೆಲ್ಲ ನಡಿಯಲ್ಲ. ಜೂನಿಂದ ಆಗಸ್ಟ್ ನಮ್ಮ ಕಡೆ ಬಟ್ಟೆನೇ ಒಣಗಲ್ಲ, ಸಿಪ್ಪೆ ಎಲ್ಲಿ ಒಣಗುತ್ತೆ. ಮೊದಲ ಮಳೆಗಾಲ ಒಲೆ ಮೇಲಿನ ಅಟ್ಟದಲ್ಲಿ ಹರಡಿ ನೋಡಿದೆ, ಮೇಲೆ ಒಣಗಿದಂಗೆ ಕಂಡು ಒಳಗೆ ಬೂಸ್ಟು ಹಿಡಿದಿತ್ತು, ಎಲ್ಲಾ ಚೆಲ್ಲಿದೆ. ಬೂಸ್ಟಿನ ವಿಷ ಕಣ್ಣಿಗೆ ಕಾಣಲ್ಲ, ಕಡಲೆಕಾಯಿ ಹಿಂಡಿಗೂ ಮಳೆಗಾಲದಲ್ಲಿ ಅದೇ ಭಯ, ಅದಕ್ಕೆ ಆ ಮೂರು ತಿಂಗಳು ಹಿಂಡಿಯನ್ನೂ ಹದಿನೈದು ದಿನಕ್ಕಾಗುವಷ್ಟು ಮಾತ್ರ ತರ್ತೀವಿ. ಈಗ ಫೆಬ್ರವರಿಯಿಂದ ಮೇ ತನಕ ಒಣಗಿಸಿದ್ದನ್ನ ಪುಡಿ ಮಾಡಿ ಮುಚ್ಚಳ ಇರೋ ಡ್ರಮ್ಮಲ್ಲಿ ತುಂಬಿಡ್ತೀನಿ, ಅದು ಮುಗಿಯೋವರೆಗೆ ಹಾಕ್ತೀನಿ, ಮುಗಿದ ಮೇಲೆ ಜೋಳ.

ಕೆಲವು ಹಣ್ಣು ಶೆಡ್ ಬಾಗಿಲಿಗೇ ಬರಬಾರದು. ನಮ್ಮ ಕಡೆಯವರು ಮುಖ್ಯವಾಗಿ ತಿಳ್ಕೋಬೇಕಾಗಿರೋದು ಬೆಣ್ಣೆಹಣ್ಣು, ಅಂದ್ರೆ ಅವಕಾಡೊ. ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಮರದ ಕೆಳಗೆ ಬಿದ್ದು ಕೊಳೀತಿರುತ್ತೆ, ಮೆತ್ತಗಿರುತ್ತೆ, ಸಿಹಿನೂ ಇರಲ್ಲ, ಹಾಕಿದ್ರೆ ಏನಾಗುತ್ತೆ ಅನ್ಸುತ್ತೆ. ಆ ಹಣ್ಣು, ಸಿಪ್ಪೆ, ಬೀಜ, ಎಲೆ ಎಲ್ಲದರಲ್ಲೂ ಪರ್ಸಿನ್ ಅನ್ನೋ ವಿಷ ಇದೆ, ಮೊಲದ ಹೃದಯಕ್ಕೇ ಹೊಡೆಯುತ್ತೆ, ಹಾಲು ಕೊಡೋ ತಾಯಿಗೆ ಕೆಚ್ಚಲು ಊದುತ್ತೆ. ದಯವಿಟ್ಟು ಒಂದು ಎಲೆನೂ ಹಾಕಬೇಡಿ. ಸೇಬಿನ ಬೀಜದಲ್ಲಿ ಸಯನೈಡ್ ಆಗೋ ಅಂಶ ಇದೆ, ನಡುವಿನ ಗಟ್ಟಿ ಭಾಗದ ಜೊತೆ ತೆಗೆದುಬಿಡಿ. ಹಣ್ಣಲ್ಲದಿದ್ರೂ ಹಾಸನದವರಿಗೆ ಹೇಳ್ಲೇಬೇಕು, ಆಲೂಗಡ್ಡೆ ಸೀಸನ್‌ನಲ್ಲಿ ಹಸಿರಾಗಿ ಮೊಳಕೆ ಬಂದ ಗೆಡ್ಡೆ ರಾಶಿಗಟ್ಲೆ ಸಿಗುತ್ತೆ, ಅದರಲ್ಲಿ ಸೊಲನಿನ್ ವಿಷ, ಅದೂ ಬೇಡ. ಕಾಫಿ ಹಣ್ಣಿನ ಸಿಪ್ಪೆ ಹಾಕಬಹುದಾ ಅಂತ ಎಲ್ಲರೂ ಕೇಳ್ತಾರೆ, ತೋಟದವರ ಹತ್ರ ಗುಡ್ಡೆ ಬಿದ್ದಿರುತ್ತಲ್ಲ. ಕೆಫೀನು, ಟ್ಯಾನಿನ್ ಎರಡೂ ಇದೆ, ನಾನು ಹಾಕಲ್ಲ, ಗೊಬ್ಬರಕ್ಕೆ ಬಳಸ್ತೀನಿ.

ಒಂದು ಸಲ ಮಗಳು ಶೆಡ್ಡಿಂದ ಓಡಿ ಬಂದು ರಕ್ತ ಹೋಗ್ತಿದೆ ಅಮ್ಮ ಅಂತ ಅಳೋಕೆ ಶುರು ಮಾಡಿದ್ಲು. ನೋಡಿದ್ರೆ ಏಳನೇ ನಂಬರ್ ಹೆಣ್ಣಿನ ಗೂಡಿನ ಕೆಳಗೆ ಇಟ್ಟಿಗೆ ಬಣ್ಣದ ಮೂತ್ರ. ನಾನೂ ಗಾಬರಿ ಬಿದ್ದೆ. ಮೊಲ ಆರಾಮಾಗಿ ಹುಲ್ಲು ತಿಂತಿತ್ತು. ಡಾಕ್ಟ್ರಿಗೆ ಫೋನ್ ಮಾಡಿದ್ರೆ ತಿಂದ ಸೊಪ್ಪು ಸಿಪ್ಪೆಯ ಬಣ್ಣದಿಂದ ಹಂಗಾಗುತ್ತೆ, ಪೂರ್ತಿ ಕೆಂಪಗೆ ಒಂದೇ ಸಮ ಇದ್ರೆ ಹೆದರಬೇಡಿ, ನಡುವೆ ಗಡ್ಡೆ ಗಡ್ಡೆ ರಕ್ತ ಕಂಡ್ರೆ ಮಾತ್ರ ಕರ್ಕೊಂಡು ಬನ್ನಿ ಅಂದ್ರು. ಎರಡು ದಿನಕ್ಕೆ ಸರಿಹೋಯ್ತು.

ದುಡ್ಡಿನ ಲೆಕ್ಕಾನೂ ಬಿಚ್ಚಿ ಹೇಳ್ತೀನಿ. ತಿಂಗಳಿಗೆ ನೂರು ಕೆಜಿ ಮಿಶ್ರಣ ಖರ್ಚಾಗುತ್ತೆ, ಕೆಜಿಗೆ ಸುಮಾರು 26 ರೂಪಾಯಿ, ಅಂದ್ರೆ 2,600. ಮುಂಚಿನ 5,800ಕ್ಕೆ ಹೋಲಿಸಿದ್ರೆ ಅರ್ಧಕ್ಕಿಂತ ಕಮ್ಮಿ. ಆದ್ರೆ ಈ ಉಳಿತಾಯ ಎಲ್ಲಾ ಸಿಪ್ಪೆಯದಲ್ಲ. ಸಿಪ್ಪೆ ಉಳಿಸಿದ್ದು ತಿಂಗಳಿಗೆ ಹದಿನೈದು ಕೆಜಿ ಜೋಳ, ನಾಲ್ಕುನೂರು ರೂಪಾಯಿ ಒಳಗೇ. ಉಳಿದ ದೊಡ್ಡ ಮೊತ್ತ ಉಳಿದಿದ್ದು ನಾವೇ ಮಿಶ್ರಣ ಮಾಡ್ಕೊಂಡಿದ್ದಕ್ಕೆ, ಬೇಲಿ ಮೇಲೆ ಹಿಪ್ಪುನೇರಳೆ, ಬೇಲಿಮೆಂತೆ ಹಾಕಿದ್ದಕ್ಕೆ. ಬಂದು ಕೇಳೋರಿಗೆ ಇದನ್ನ ಹೇಳಿದ್ರೆ ಮುಖ ಸಣ್ಣ ಮಾಡ್ಕೋತಾರೆ. ನಾನೂರು ರೂಪಾಯಿಗೆ ಇಷ್ಟೆಲ್ಲ ಆರಿಸಿ ತೊಳೆದು ಒಣಗಿಸ್ಬೇಕಾ ಅಂತ ಒಬ್ಬರು ಕೇಳೇಬಿಟ್ರು. ನನಗೆ ಆ ನಾನೂರು ಬೇಕು. ವರ್ಷದ ಮಿನರಲ್ ಮಿಕ್ಸ್ಚರು, ಕಿವಿ ಕಜ್ಜಿಗೆ ಹಾಕೋ ಔಷಧಿ ಅದರಲ್ಲೇ ಬರುತ್ತೆ, ಹಿಕ್ಕೆ ಮೆಣಸಿನ ಬಳ್ಳಿ ಬುಡಕ್ಕೆ ಹೋಗುತ್ತೆ, ಬಿಸಾಡಿದ ಸಿಪ್ಪೆಯೂ ಗೊಬ್ಬರ ಆಗುತ್ತೆ. ಆದ್ರೆ ಶೆಡ್ ಕಟ್ಟೋ ಮುಂಚೆ ಸಿಪ್ಪೆ ನಂಬ್ಕೊಂಡು ಲೆಕ್ಕ ಹಾಕಬೇಡಿ, ಮೊದಲು ಬೇಲಿಗೆ ಸೊಪ್ಪು ನೆಡಿ. ನಮ್ಮ ಕಡೆಯವರಿಗೆ ಕಂದಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹಾಸನದಲ್ಲೇ ವೆಟರ್ನರಿ ಕಾಲೇಜಿದೆ, ಚಿಕ್ಕಮಗಳೂರಿನವರಿಗೆ ಮೂಡಿಗೆರೆ ಕೇಂದ್ರ ಇದೆ, ಮೇವಿನ ಬಗ್ಗೆ ಅನುಮಾನ ಬಂದ್ರೆ ಹೋಗಿ ಕೇಳಿ, ಮೊಬೈಲ್ ವಿಡಿಯೋ ನೋಡಿ ಮರಿಗಳ ಮೇಲೆ ಪ್ರಯೋಗ ಮಾಡಬೇಡಿ.

ಈಗ ಮಾರ್ಚ್. ರೋಬಸ್ಟಾ ಒಣಗಿಸಿದ್ದು ಮುಗಿದು ಮೊನ್ನೆಯಷ್ಟೇ ಕಣ ಖಾಲಿ ಆಯ್ತು, ಗುಡಿಸಿ ಟಾರ್ಪಾಲ್ ಹಾಸಿದೀವಿ. ಏಳನೇ ನಂಬರ್ ಸೋಮವಾರ ಎಂಟು ಮರಿ ಹಾಕಿದೆ, ಎಂಟೂ ಹೊಟ್ಟೆ ತುಂಬಿ ಪೆಟ್ಟಿಗೆಯಲ್ಲಿ ತುಪ್ಪಳದ ಕೆಳಗೆ ಒತ್ತೊತ್ತಾಗಿ ಮಲಗಿದಾವೆ, ಕಣ್ಣು ಬಿಡೋಕೆ ಇನ್ನೂ ಒಂದು ವಾರ. ನಿನ್ನೆ ಸಂಜೆ ಚೀಲದಲ್ಲಿ ಈ ವರ್ಷದ ಮೊದಲ ಕಲ್ಲಂಗಡಿ ಸಿಪ್ಪೆ ಬಂತು. ಮಗಳು ಒಂದು ಚೂರು ಕೈಲಿ ಹಿಡ್ಕೊಂಡು ನನ್ನ ಮುಖ ನೋಡಿದ್ಲು. ಗಂಡುಗಳಿಗೆ ಒಂದೊಂದು ತುಂಡು ಕೊಡು, ಮರಿ ಗೂಡಿನ ಕಡೆ ಹೋಗ್ಬೇಡ ಅಂದೆ. ಉಳಿದದ್ದು ಇವತ್ತು ಬೆಳಗ್ಗೆ ಹೆಚ್ಚಿ ಬಿಸಿಲಿಗೆ ಹಾಕಿದೀವಿ.